ಸಣ್ಣಜ್ಜನನ್ನು ಎತ್ತಬೇಡಿ!

ಮಕ್ಕಳೇ, ನಿಮ್ಮ ಸಣ್ಣಜ್ಜ, ಅಂದರೆ ನನ್ನ ಮೈದುನ, ಬೈದವರನ್ನು ಬೇಕಾದರೆ ಕ್ಷಮಿಸುತ್ತಿದ್ದ. ಸಹಾಯ ಮಾಡಿದವರನ್ನು ಮಾತ್ರ ಸುಮ್ಮನೆ ಬಿಡುತ್ತಿರಲಿಲ್ಲ! ಕೂಸಿದ್ದಾಗಲೇ ಪೋಲಿಯೋ ಬಂದು ಅವನ ಎರಡೂ ಕಾಲು ಸೋತಿದ್ದವು. ಮನೆಯಲ್ಲಿ ಕೈಯೂರಿ ಸರಿಯುತ್ತಿದ್ದ, ಹೊರಗೆ ಕೈಯಿಂದ ತಿರುಗಿಸುವ ಮೂರು ಗಾಲಿ ಸೈಕಲ್ಲು. ಅವನದು ಒಂದೇ ಹಟ: ಯಾರೂ ತನ್ನನ್ನು ಎತ್ತಬಾರದು. ಆದರೆ ನಮ್ಮ ಯಲಬುರ್ಗಾ ಸೀಮೆಯ ಜನರ ಕರುಣೆ ಏನು ಸಾಮಾನ್ಯವೇ? ಅವನನ್ನು ಕಂಡ ಕೂಡಲೇ "ಪಾಪ" ಎನ್ನುತ್ತ ಕಂಕುಳಿಗೆ ಕೈ ಹಾಕಿಯೇ ಬಿಡುತ್ತಿದ್ದರು!

ಒಮ್ಮೆ ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಕೂತಿದ್ದನಂತೆ. ಪುಣ್ಯಾತ್ಮನೊಬ್ಬ ಬಂದು, ಕೇಳಲಿಲ್ಲ ಹೇಳಲಿಲ್ಲ, ಕಪ್ಪಿನ ಸಮೇತ ಎತ್ತಿ ಗಂಗಾವತಿ ಬಸ್ಸಿನಲ್ಲಿ ಕೂರಿಸಿಬಿಟ್ಟ. ಬಸ್ಸು ಹೊರಟೂಬಿಟ್ಟಿತು!

"ನಾ ಎಲ್ಲಿಗೂ ಹೊಂಟಿಲ್ರೀ, ಇಳಸ್ರಿ!"

"ಹೆದರಬ್ಯಾಡೋ ತಮ್ಮಾ," ಎಂದನಂತೆ ಕಂಡಕ್ಟರು, "ಗಂಗಾವತಿ ಬಂದ ಕೂಡ್ಲೇ ನಾನ ಎತ್ತಿ ಇಳಸ್ತೀನಿ."

ಪಾಪ, ಆ ಕಪ್ಪು ವಾಪಸ್ಸು ಕೊಡಲು ಮರುದಿನ ಮತ್ತೆ ಕುಷ್ಟಗಿಗೆ ಹೋದ.

1997ರ ಸುಮಾರಿಗೆ ಕೊಪ್ಪಳದ ಸಭೆಯೊಂದರಲ್ಲಿ ಒಂದು ಸುದ್ದಿ ಕೇಳಿ ಬಂದ. ಅಂಗವಿಕಲರಿಗೆಂದೇ ದಿಲ್ಲಿಯಲ್ಲಿ ಕಾಯ್ದೆಯಾಗಿದೆ, ಕಚೇರಿಗಳಿಗೆ ಮೆಟ್ಟಿಲಿನ ಜೊತೆ ಇಳಿಜಾರು ದಾರಿಯೂ ಬೇಕು ಎಂದು ನಾವು ಕೇಳಬಹುದು! ಆಮೇಲೆ ಅವನನ್ನು ಹಿಡಿಯುವವರುಂಟೇ?

"ವೈನಿ, ನಮ್ಮಂಥಾವ್ರು ದೇಶದ ತುಂಬ ಅದಾರ. ಎಲ್ಲಾರನ್ನೂ ಮಂದಿ ಎತ್ತಾಕತ್ತಾರ!"

"ಎತ್ತಿದ್ರ ಏನಾತು?" ಎಂದೆ.

"ನಿಮ್ಮನ್ನ ಹಂಗ ಕಂಡಕಂಡಾವ್ರು ಬಂದು ಎತ್ತಿದ್ರ?"

ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡಿಗೆಮನೆಗೆ ಓಡಿದೆ.

ಅಂಗವಿಕಲರ ಸಂಘದವರ ಜೊತೆ ದಿಲ್ಲಿಗೂ ಹೋದ. ಕಣ್ಣು ಕಾಣದವರು, ಕಿವಿ ಕೇಳದವರು, ಇವನಂಥವರು, ಎಲ್ಲೆಲ್ಲಿಂದಲೋ ಬಂದು, ಕಾಯ್ದೆ ಬರೀ ಕಾಗದದಲ್ಲಿದ್ದರೆ ಸಾಲದೆಂದು ರಸ್ತೆಯಲ್ಲಿ ಕೂತರಂತೆ. ಪೊಲೀಸರು ವ್ಯಾನು ತಂದರು. ಇವನು ತನ್ನ ಹರಕುಮುರುಕು ಹಿಂದಿಯಲ್ಲಿ, "ಜೇಲಿಗೆ ಬರುತ್ತೇವೆ, ಆದರೆ ಎತ್ತುವ ಹಾಗಿಲ್ಲ. ವ್ಯಾನಿಗೊಂದು ಇಳಿಜಾರು ಹಾಕಿ!" ಎಂದು ಪಟ್ಟು ಹಿಡಿದ. ಪೊಲೀಸರು ಮುಖ ಮುಖ ನೋಡಿಕೊಂಡು, ಖಾಲಿ ವ್ಯಾನು ಹೊಡೆದುಕೊಂಡು ಹೋದರಂತೆ!

"ಜೇಲಿಗೆ ಹೋಗಾಕೂ ನಮಗ ದಾರಿ ಇಲ್ಲ ನೋಡ್ರಿ ವೈನಿ," ಎಂದು ಬಂದವನೇ ಗೊಣಗಿದ.

ವರ್ಷಗಟ್ಟಲೆ ಜಗಳಾಡಿದ ಮೇಲೆ ಇಲ್ಲಿಯ ಕಚೇರಿಯೊಂದಕ್ಕೂ ಇಳಿಜಾರು ಬಂತು. ಆದರೆ ಇವನು ಹೋಗಿ ನೋಡಿದರೆ ಅದರ ತುಂಬ ಯಾರೋ ಮೆಣಸಿನಕಾಯಿ ಒಣಗಲು ಹರವಿದ್ದಾರೆ! ಅಂಥ ಹದವಾದ ಬಿಸಿಲು, ಅಂಥ ಹೊಸ ಸಿಮೆಂಟು, ಯಾರು ಬಿಟ್ಟಾರು? ಸೀನುತ್ತ, ಬೈಯುತ್ತ, ಅವನ್ನು ಬದಿಗೆ ಸರಿಸಿ ಒಳಗೆ ಹೋದರೆ, ಸಾಹೇಬರ ಕೋಣೆ ಮಹಡಿಯ ಮೇಲೆ!

"ಎತ್ಕೊಂಡು ಒಯ್ಯಲೇನ್ರಿ?" ಎಂದು ಜವಾನ ಕೈ ಚಾಚಿದ.

"ನನ್ನ ಬ್ಯಾಡ. ನಿಮ್ಮ ಸಾಹೇಬ್ರನ್ನ ಎತ್ಕೊಂಡು ಕೆಳಗ ಬಾ!"

ಅದು ಮೇಲಿನವರೆಗೆ ಕೇಳಿಸಿ, ಸಾಹೇಬರು ನಗುತ್ತ ತಮ್ಮ ಕಾಲ ಮೇಲೆಯೇ ಇಳಿದು ಬಂದರು. ಅಂದಿನಿಂದ ಊರಿನಲ್ಲಿ ಇವನನ್ನು ಮುಟ್ಟುವ ಧೈರ್ಯ ಒಬ್ಬರಿಗೂ ಉಳಿಯಲಿಲ್ಲ.

ಆಮೇಲೆ ನಿಮ್ಮಜ್ಜ ತೀರಿಕೊಂಡರು. ಅಣ್ಣನ ಚಟ್ಟಕ್ಕೆ ತಮ್ಮ ಹೆಗಲು ಕೊಡಬೇಕಲ್ಲ? "ನೀ ಕುಂದ್ರಪಾ, ನಾವದೀವಿ," ಎಂದರು ಎಲ್ಲರೂ. ಅಂಗಳದಲ್ಲಿ ಕೂತಿದ್ದವನು ಎರಡೂ ಕೈ ಮೇಲೆ ಚಾಚಿದ.

"ಎತ್ರಿ ನನ್ನ."

ಯಾರೂ ಮುಂದೆ ಬರಲಿಲ್ಲ. ಜನ್ಮವಿಡೀ ಬೈಸಿಕೊಂಡವರಲ್ಲವೇ!

"ಎತ್ರೋ! ನಮ್ಮಣ್ಣ ಹೊಂಟಾನ!"

ಇಬ್ಬರು ಓಡಿ ಬಂದು ಎತ್ತಿದರು. ಅವನ ಹೆಗಲು ಬಿದಿರಿಗೆ ತಾಗುವಷ್ಟು ಎತ್ತರಕ್ಕೆ ಎತ್ತಿ, ಹಾಗೆಯೇ ಹಿಡಿದುಕೊಂಡು ನಡೆದರು. ನಮ್ಮಲ್ಲಿ ಹೆಂಗಸರು ಹಿಂದೆ ಹೋಗುವಂತಿಲ್ಲ. ಬಾಗಿಲಲ್ಲೇ ನಿಂತು ಓಣಿ ತಿರುಗುವವರೆಗೂ ನೋಡಿದೆ. ಮೇಲೆ ನಿಮ್ಮಜ್ಜ, ಅವರ ಭಾರಕ್ಕೆ ನನ್ನ ಮೈದುನನ ಹೆಗಲು, ನೆಲಕ್ಕೆ ತಾಗದೆ ತೂಗುತ್ತಿದ್ದ ಅವನ ಎರಡು ಸಣ್ಣ ಕಾಲು.