ನಾನು ಮಾಡಿದ ಮೊರಾಕೊ ಮಸಾಲೆ

ಧಾರವಾಡದವನಿಗೆ ಮಸಾಲೆಯ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಈ ನಂಬಿಕೆಗೆ ಇದ್ದ ಆಧಾರ ಇಷ್ಟೇ: ನಮ್ಮವ್ವ ಪ್ರತಿ ಬೇಸಿಗೆಯಲ್ಲಿ ಮಸಾಲಿ ಖಾರ ಕುಟ್ಟುವಾಗ ನಾನು ಪಕ್ಕದಲ್ಲಿ ಕೂತು ಸೀನುತ್ತಿದ್ದೆ!

ನಾನೀಗ ನೆಲೆಸಿರುವ ಹಿಮದ ನಾಡಿನ ಊರು ಓಕ್‌ವಿಲ್‌ನ ನಮ್ಮ ಆಫೀಸಿನಲ್ಲಿ ಇದ್ರಿಸ್ ಎಂಬ ಮೊರಾಕೊ ಗೆಳೆಯನಿದ್ದ. ಒಂದು ದಿನ ಅವನ ಡಬ್ಬಿಯ ಕಡಲೆಕಾಳಿನ ಸಾರು ರುಚಿ ನೋಡಿದೆ. ಆಹಾ! ಅದರಲ್ಲಿದ್ದದ್ದು ‘ರಾಸ್ ಎಲ್ ಹನೂತ್’ ಎಂಬ ಪುಡಿ. ಅಂಗಡಿಯವನು ತನ್ನಲ್ಲಿರುವ ಒಳ್ಳೊಳ್ಳೆ ಮಸಾಲೆಗಳನ್ನೆಲ್ಲ ಸೇರಿಸಿ ಮಾಡುವುದಂತೆ.

“ಇಷ್ಟೇನಾ? ಇದನ್ನ ಮನೇಲಿ ನಾನೇ ಮಾಡ್ತೀನಿ,” ಎಂದುಬಿಟ್ಟೆ.

ಇದ್ರಿಸ್ ನಂಬಿದ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಮೊರಾಕೊದ ಫೆಜ್ ಊರಿನಿಂದ ಬಂದಿದ್ದ ತನ್ನ ತಾಯಿಗೂ ಹೇಳಿದ. ಶನಿವಾರ ಮಧ್ಯಾಹ್ನ ತಾಯಿ-ಮಗ ನಮ್ಮ ಮನೆಗೆ ಊಟಕ್ಕೆ ಬರುವುದೆಂದು ನಿಶ್ಚಯವಾಯಿತು.

ಶನಿವಾರ ಬೆಳಿಗ್ಗೆ, ಆಫೀಸಿನ ಪ್ರಿಂಟರಿನಿಂದ ತೆಗೆದ ಮಸಾಲೆಗಳ ಪಟ್ಟಿ ಹಿಡಿದು ಅಡುಗೆಮನೆ ಪ್ರವೇಶಿಸಿದೆ. ಹೆಂಡತಿ ವಿಮಲಾ ಪಟ್ಟಿ ನೋಡಿದಳು.

“ಯಾವುದು ಎಷ್ಟು ಅಂತ ಬರದೇ ಇಲ್ಲಲ್ರೀ?”

“ಅನುಭವ ಇದ್ದವರಿಗೆ ಅಳತಿ ಬೇಕಾಗೂದಿಲ್ಲ.”

“ಬ್ಯಾರೆ ಬ್ಯಾರೆ ಹುರೀಬೇಕ್ರೀ.”

“ನೀ ಹೊರಗ ಕೂಡು.”

ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದೆ. ದಾಲ್ಚಿನ್ನಿ ಬೆಚ್ಚಗಾಗುವಷ್ಟರಲ್ಲಿ ಜೀರಿಗೆ ಇದ್ದಿಲಾಗಿತ್ತು. ಸ್ಮೋಕ್ ಅಲಾರಂ ಬೊಬ್ಬೆ ಹಾಕಿತು. ಹೊರಗೆ ಮೈನಸ್ ಹದಿನೆಂಟು. ಆದರೂ ಬಾಗಿಲು ತೆರೆದು ಟವೆಲ್ ಬೀಸಿದೆ. ಮನೆ ತುಂಬ ಬಿಸಿಗಾಳಿ ಊದುವ ಫರ್ನೇಸು ಮಾತ್ರ ಯಾವ ಪಕ್ಷಪಾತವೂ ಇಲ್ಲದೆ ಹೊಗೆಯನ್ನು ಎಲ್ಲ ರೂಮುಗಳಿಗೂ ಹಂಚಿತು. ಮೇಲಿನಿಂದ ಮಗಳು ಕೂಗಿದಳು: “ಡ್ಯಾಡ್! ಐ ಸ್ಮೆಲ್ ಲೈಕ್ ಸಮ್‌ಬಡೀಸ್ ಲಂಚ್!”

ಹೆದರದೆ ಎಲ್ಲವನ್ನೂ ಕಾಫಿ ಗ್ರೈಂಡರಿನಲ್ಲಿ ಪುಡಿ ಮಾಡಿದೆ. ಉಳಿದದ್ದು ಒಂದೇ, ಒಣಗಿದ ಗುಲಾಬಿ ಎಸಳು. ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ. ಚಿಂತೆಯಲ್ಲೇ ಕೈ ತೊಳೆಯಲು ವಾಶ್‌ರೂಮಿಗೆ ಹೋದರೆ ಅಲ್ಲಿ, ಸಿಂಕಿನ ಪಕ್ಕ, ಗಾಜಿನ ಬಟ್ಟಲ ತುಂಬ ಒಣ ಗುಲಾಬಿ! ವಿಮಲಾ ಸೆಂಟು ಸಿಂಪಡಿಸಿ ಪರಿಮಳಕ್ಕೆಂದು ಇಟ್ಟದ್ದು. ಮಸಾಲೆಯೂ ಪರಿಮಳಕ್ಕೇ ಅಲ್ಲವೆ? ಒಂದು ಹಿಡಿ ಪುಡಿ ಮಾಡಿ ಬೆರೆಸಿದೆ. ಅದರಲ್ಲಿ ಮೂರು ಚಮಚ ತೆಗೆದು, ಒಲೆಯ ಮೇಲೆ ಬೇಯುತ್ತಿದ್ದ ಕಡಲೆಕಾಳಿನ ಪಾತ್ರೆಗೂ ಹಾಕಿದೆ.

ಅತಿಥಿಗಳು ಬಂದರು. ಇದ್ರಿಸನ ತಾಯಿ ಸೌಮ್ಯ ಸ್ವಭಾವದ ಹಿರಿಯರು. ಅರಬ್ಬಿ ಬಿಟ್ಟು ಬೇರೆ ಭಾಷೆ ಬಾರದು. ನಾನು ಪುಡಿಯ ಬಾಟಲಿಯನ್ನು ಎರಡೂ ಕೈಯಲ್ಲಿ ಸಮರ್ಪಿಸಿದೆ. ಅವರು ಮುಚ್ಚಳ ತೆಗೆದು ಮೂಸಿ, ಕಣ್ಣು ಮುಚ್ಚಿದರು. ತವರು ನೆನಪಾಯಿತೇನೋ ಎಂದುಕೊಂಡೆ. ಕಣ್ಣು ತೆರೆದು ಮಗನಿಗೆ ಏನೋ ಹೇಳಿದರು. ಇದ್ರಿಸನ ಮುಖ ಕೆಂಪಾಯಿತು.

“ಏನಂದ್ರು?” ಎಂದೆ, ಹೊಗಳಿಕೆಗೆ ಸಿದ್ಧನಾಗಿ.

“ಇದು ತಿನ್ನೋದಾ, ಬಟ್ಟೆ ಕಪಾಟಿನಲ್ಲಿ ಇಡೋದಾ ಅಂತ ಕೇಳ್ತಿದಾರೆ.”

ವಿಮಲಾ ಬಾಟಲಿ ಕಿತ್ತುಕೊಂಡು ಮೂಸಿದಳು. ಆ ವಾಸನೆ ಅವಳಿಗೆ ಚೆನ್ನಾಗಿ ಪರಿಚಯವಿತ್ತು.

“ಗುಲಾಬಿ ಎಲ್ಲಿಂದ ತಂದ್ರಿ?”

ನಾನು ವಾಶ್‌ರೂಮಿನ ಕಡೆ ಕೈ ತೋರಿಸಿದೆ. ಇಂಗ್ಲಿಷಿನಲ್ಲಿ ವಿಷಯ ಹೇಳಿದಾಗ ಇದ್ರಿಸ್ ತಾಯಿಗೆ ಅನುವಾದಿಸಿದ. ಆ ಹಿರಿಯರು ಎರಡು ಕ್ಷಣ ನನ್ನನ್ನೇ ನೋಡಿ, ಆಮೇಲೆ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕಡಲೆಕಾಳು ಕಸದ ಚೀಲ ಸೇರಿತು.

ಊಟಕ್ಕೇನು ಗತಿ? ವಿಮಲಾ ಓವನ್ನಿನೊಳಗಿಂದ ಜೋಳದ ರೊಟ್ಟಿ, ಎಣ್ಣಿಗಾಯಿ ಪಲ್ಯ ತೆಗೆದಳು. ನಾನು ಖಂಡಿತ ಕೆಡಿಸುತ್ತೇನೆಂಬ ಪೂರ್ಣ ವಿಶ್ವಾಸದಿಂದ ಹಿಂದಿನ ದಿನವೇ ಮಾಡಿ ಬಚ್ಚಿಟ್ಟಿದ್ದಳಂತೆ! ಗಂಡನ ಮೇಲೆ ಎಂಥ ನಂಬಿಕೆ! ಇದ್ರಿಸನ ತಾಯಿ ಮೂರು ರೊಟ್ಟಿ ತಿಂದು, ವಿಮಲಾಳ ಕೈ ಹಿಡಿದು ಅಡುಗೆಮನೆಗೆ ಹೋದರು. ಭಾಷೆಯಿಲ್ಲದೆ ಇಬ್ಬರೂ ಒಂದು ಗಂಟೆ ಮಾತಾಡಿದರು.

ಮುಂದಿನ ಶನಿವಾರ ಅವರೇ ಮಸಾಲೆಗಳ ಚೀಲ ತಂದು ವಿಮಲಾಳಿಗೆ ರಾಸ್ ಎಲ್ ಹನೂತ್ ಕಲಿಸತೊಡಗಿದರು. ನನಗೆ ಒಳಗೆ ಪ್ರವೇಶವಿರಲಿಲ್ಲ. ಕೈಗೆ ಸಲಿಕೆ ಕೊಟ್ಟು ಮನೆ ಮುಂದಿನ ಡ್ರೈವ್‌ವೇಯ ಹಿಮ ಎತ್ತಲು ಕಳಿಸಿದರು. ಸ್ವಲ್ಪ ಹೊತ್ತಿಗೆ ಕಿಟಕಿಯ ಸಂದಿಯಿಂದ ಘಮಘಮ ಪರಿಮಳ ಬೀದಿಯವರೆಗೂ ಬಂತು. ಪಕ್ಕದ ಮನೆಯ ಮುದುಕ ಹಿಮ ಎತ್ತುವುದನ್ನು ನಿಲ್ಲಿಸಿ ಮೂಗರಳಿಸಿದ.

“ಏನಯ್ಯಾ, ಇವತ್ತು ನಿಮ್ಮನೇಲಿ ಇಷ್ಟು ಒಳ್ಳೆ ವಾಸನೆ?”

“ನಾನು ಹೊರಗಿದೀನಲ್ಲ,” ಎಂದೆ, “ಅದಕ್ಕೇ.”