ಪಾವಣೆ ಬಾರಾ

ಹೊತ್ತೋ, ಮಂದಿಯೋ? ಸಾಹೇಬರು ಹೇಳಿದ್ದು ಯಾವುದನ್ನು? ದುಂಡೇಶ ಬಂದಾದ ಮೊಬೈಲನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದ, ಉತ್ತರ ಇನ್ನೂ ಅದರೊಳಗೇ ಉಳಿದಿದೆಯೇನೋ ಎಂಬಂತೆ.

“ದುಂಡೇಶ, ಪಾವಣೆ ಬಾರಾ. ಸಗಳಂ ತಯಾರ್ ಠೇವ್,” ಎಂದಷ್ಟೇ ಹೇಳಿ ಪುಣೆಯ ಸಾಹೇಬರು ಫೋನ್ ಇಟ್ಟಿದ್ದರು. ಎಲ್ಲ ತಯಾರು ಮಾಡಿಡು ಎಂಬುದು ತಿಳಿಯಿತು. ಆದರೆ ಪಾವಣೆ ಬಾರಾ? ಮರಾಠಿಯಲ್ಲಿ ಅದು ಹನ್ನೆರಡಾಗಲು ಕಾಲು ಗಂಟೆ ಉಳಿದ ಹೊತ್ತು. ಇತ್ತ ಅವನ ಊರು ಭೋಜದಲ್ಲಿ ಮನೆಗೆ ಬಂದ ನೆಂಟರೆಲ್ಲ ಪಾವಣೇರು. ಗಡಿಯಾಚೆಯವರ ಬಾಯಲ್ಲಿ ಅವರೂ ಪಾವಣೆಯೇ. ಆ ಲೆಕ್ಕಕ್ಕೆ ಹಿಡಿದರೆ ಹನ್ನೆರಡು ಮಂದಿ ಅತಿಥಿಗಳು.

ತಿರುಗಿ ಫೋನ್ ಮಾಡಿ ಕೇಳಬಹುದಿತ್ತು. ಆದರೆ ದುಂಡೇಶ ಮೊದಲೇ ಮಾತು ಕಡಿಮೆಯವನು, ಪದವಿ ಮುಗಿದ ಮೇಲಂತೂ ಇನ್ನೂ ಕಡಿಮೆ. ಕೇಳಬೇಕಾದ ಪ್ರಶ್ನೆಯನ್ನು ಮನಸ್ಸಿನಲ್ಲೇ ಎಷ್ಟು ತಿದ್ದುತ್ತಿದ್ದನೆಂದರೆ, ಅದು ನಾಲಿಗೆಗೆ ಬರುವಷ್ಟರಲ್ಲಿ ಎದುರಿಗಿದ್ದವರು ಬಸ್ಸು ಹತ್ತಿ ಹೋಗಿರುತ್ತಿದ್ದರು.

ಅಂದು ನಿಪ್ಪಾಣಿಯ ಹೆದ್ದಾರಿ ಪಕ್ಕದ ಮಂಗಲ ಕಾರ್ಯಾಲಯದಲ್ಲಿ ವ್ಯಾಪಾರ ಮೇಳದ ಮೂರನೆಯ ದಿನ. ಪುಣೆಯ ಕಂಪನಿಯೊಂದು ತನ್ನ ಹೊಸ ಮಾದರಿಯ ಭಾರಿ ಬೆಲೆಯ ಕೈಗಡಿಯಾರಗಳನ್ನು ತಂದು ಜೋಡಿಸಿತ್ತು. ಕಬ್ಬು, ದ್ರಾಕ್ಷಿ ಬೆಳೆಯುವ ಸೀಮೆ, ಮಂದಿಯ ಕೈ ಬರಿದಾಗಿರಬಾರದು ಎಂಬುದು ಕಂಪನಿಯ ಕಳಕಳಿ. ದುಂಡೇಶ ಅಲ್ಲಿ ತಿಂಗಳ ಪರೀಕ್ಷೆಯ ಮೇಲಿದ್ದ ನೌಕರ. ತಿಂಗಳು ಅಂದಿಗೆ ಮುಗಿಯುತ್ತಿತ್ತು. ಸಾಹೇಬರು ಬಂದು ನೋಡಿ ಒಪ್ಪಿದರೆ ಕಾಯಂ ಆಗಿ ನಿಪ್ಪಾಣಿಯ ಅಂಗಡಿ, ಇಲ್ಲವಾದರೆ ಭೋಜದಲ್ಲಿ ದೊಡ್ಡಪ್ಪ ಗಂಗಾರಾಮನ ಎಮ್ಮೆಗಳು. ಎಮ್ಮೆಗಳ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅವೂ ಅವನಂತೆ ಸುಮ್ಮನಿರುವ ಜೀವಗಳು. ದೊಡ್ಡಪ್ಪನ ಮನೆಯಲ್ಲಿ ಸುಮ್ಮನಿರುವವು ಅವಷ್ಟೇ ಎಂಬುದು ತೊಂದರೆ.

“ಅದರಾಗ ಇಚಾರ ಮಾಡೂದ ಏನೈತೋ?” ಎಂದ ಬಾಳಾಸಾಬ. ಅವನು ಕಾರ್ಯಾಲಯದ ಮೇಲ್ವಿಚಾರಕ. ಮೂವತ್ತು ವರ್ಷ ಮದುವೆಯ ಪಂಕ್ತಿ ಎಣಿಸಿದವನು. “ಮೇಳ ಹತ್ತಕ್ಕ ಚಾಲೂ ಆಗತೈತಿ. ನಟ್ಟ ನಡುವ ಪಾವಣೆ ಬಾರಾಕ್ಕ ತಯ್ಯಾರಿ ಏನ ಮಾಡ್ತಿ? ಹನ್ನೆರಡ ಮಂದಿ ಪಾವಣೇರ ಬರಾಕತ್ತಾರ. ನಾ ಶಿರಾಕ್ಕ ರವಾ ಹುರೀತೀನಿ, ನೀ ಕುರ್ಚಿ ಹಾಕು.”

ಬಾಳಾಸಾಬನ ಕೈಗೆ ಬಿದ್ದದ್ದು ಮದುವೆಯಾಗದೆ ಬಿಡುತ್ತಿರಲಿಲ್ಲ. ಕೆಂಪು ಬಟ್ಟೆ ಹೊದಿಸಿದ ಹನ್ನೆರಡು ಕುರ್ಚಿ ಬಂದವು. ಹನ್ನೆರಡು ತಟ್ಟೆ ಶಿರಾ, ಹನ್ನೆರಡು ತೆಂಗಿನಕಾಯಿ, ಬೆಳ್ಳಿ ಬಟ್ಟಲಲ್ಲಿ ಕುಂಕುಮ. ಆ ಗಾಜಿನ ಕಪಾಟುಗಳ ನಡುವೆ ಒಬ್ಬ ಮದುಮಗ ಮಾತ್ರ ಕಡಿಮೆಯಿದ್ದ. ಟೈ ಕಟ್ಟಿಕೊಂಡು ಬೆವರುತ್ತ ನಿಂತಿದ್ದ ದುಂಡೇಶ ಆ ಕೊರತೆಯನ್ನೂ ತುಂಬಿದ.

ಹನ್ನೊಂದೂಕಾಲಾದರೂ ಯಾರೂ ಬರಲಿಲ್ಲ. ಅಷ್ಟರಲ್ಲಿ ಹೊರಗೆ ಟೆಂಪೋ ಒಂದು ನಿಂತಿತು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಘಮಘಮಿಸುವ ಅತ್ತರು, ಸರಿಗೆ ಸೀರೆ. ಇಳಿದದ್ದು ಸ್ವತಃ ದೊಡ್ಡಪ್ಪ ಗಂಗಾರಾಮ, ದೊಡ್ಡವ್ವ ಕೆಂಪವ್ವ, ಪಕ್ಕದ ಮನೆಯ ತಾರಾಬಾಯಿ, ಟೆಂಪೋ ಹೊಡೆಯುವ ಮಾಳು, ಜೊತೆಗೆ ಊರಿನ ಇನ್ನಷ್ಟು ಹತ್ತಿರದವರು. ಮಗಳು ಕೋಮಲಳ ಲಗ್ನದ ಮಾತು ಆಡಲು ಬೆಳಿಗ್ಗೆ ನಿಪ್ಪಾಣಿಗೆ ಬಂದಿದ್ದರು. ಲಗ್ನ ಗೊತ್ತಾಗಿತ್ತು. ಊರಿಗೆ ಮರಳುವ ಮುಂಚೆ ದುಂಡೇಶನ ನೌಕರಿ ಹೇಗಿದೆ ನೋಡಿಹೋಗೋಣವೆಂದು ಟೆಂಪೋ ತಿರುಗಿಸಿದ್ದರು.

ಬಾಳಾಸಾಬ ಬಾಗಿಲಲ್ಲೇ ಬೆರಳು ಮಡಚಿದ. “...ಹತ್ತು, ಹನ್ನೊಂದು, ಹನ್ನೆರಡು! ಒಬ್ಬ ಹೆಚ್ಚಿಲ್ಲ, ಒಬ್ಬ ಕಮ್ಮಿಯಿಲ್ಲ. ಬಂದ್ರು ನೋಡೋ ನಿಮ್ಮ ಸಾಹೇಬರ ಪಾವಣೇರು! ಬರ್ರಿ, ಬರ್ರಿ ಧಣ್ಯಾರ, ಕೂಡ್ರಿ.”

ಇವರು ನಮ್ಮ ಮನೆಯವರು ಎಂಬ ವಾಕ್ಯವನ್ನು ದುಂಡೇಶ ಮನಸ್ಸಿನಲ್ಲಿ ಜೋಡಿಸತೊಡಗಿದ. ಅದು ಮುಗಿಯುವಷ್ಟರಲ್ಲಿ ಹನ್ನೆರಡೂ ಕುರ್ಚಿ ತುಂಬಿ, ಹನ್ನೆರಡು ಹಣೆಗೆ ಕುಂಕುಮ ಬಿದ್ದಿತ್ತು.

ಇತ್ತ ಗಂಗಾರಾಮ ಟೈ ಕಟ್ಟಿದ ಹುಡುಗನನ್ನು ನೋಡಿ ತನ್ನ ಮಂದಿಗೆ ಮೆಲ್ಲಗೆ ತಾಕೀತು ಮಾಡಿದ: “ನೌಕರಿ ಮ್ಯಾಲ ನಿಂತಾನ. ಯಾರೂ ‘ಲೇ ದುಂಡ್ಯಾ’ ಅಂತ ಕರದು ಮಾನ ಕಳೀಬ್ಯಾಡ್ರಿ. ಸಾಹೇಬ್ರ ಅನ್ರಿ.”

“ಸಾಹೇಬ್ರ, ಶಿರಾ ಭಾಳ ಚಲೋ ಆಗೈತ್ರಿ,” ಎಂದಳು ಅವನ ಮೂಗು ಒರೆಸಿ ಬೆಳೆಸಿದ ಕೆಂಪವ್ವ.

ಮುಂದಿನದು ಕಂಪನಿ ಕಲಿಸಿಕೊಟ್ಟ ಪದ್ಧತಿ: ಕುಳಿತ ಗಿರಾಕಿಯ ಕೈಗೆ ಗಡಿಯಾರವನ್ನು ನೀವೇ ಕಟ್ಟಬೇಕು. ಅವರಾಗಿ ಕೇಳುವವರೆಗೆ ಬೆಲೆ ಹೇಳಬಾರದು. ಬಾಳಾಸಾಬ ಕಣ್ಣು ಹೊಡೆದ. ದುಂಡೇಶ ಕಪಾಟು ತೆರೆದ.

“ಅಯ್ಯ, ಇದರ ಮುಚ್ಚಳ ಎಲ್ಲಿ ಹೋತ್ರಿ?” ಗಾಲಿಗಳೆಲ್ಲ ಹೊರಗೆ ಕಾಣುವ ಹೊಸ ಮಾದರಿಯನ್ನು ನೋಡಿ ತಾರಾಬಾಯಿ ಕೇಳಿದಳು. “ಕರಳ ಸೈತ ಕಾಣಾಕತ್ತಾವಲ್ಲ!”

“ಅದ ಡಿಜಾಯಿನ್ ಇರ್ತೈತಿ ಬೇ, ಸುಮ್ಮನಿರು,” ಎಂದ ಮಾಳು. ಅವನ ಕೈಗೆ ಬಂದದ್ದು ನೀರಿನೊಳಗೆ ಮುನ್ನೂರು ಮೀಟರ್ ಇಳಿದರೂ ಕೆಡದಂಥದ್ದು.

“ಅಷ್ಟ ಆಳದಾಗ ಹೊತ್ತ ಯಾರ ಕೇಳ್ತಾರ?” ಎಂದಳು ತಾರಾಬಾಯಿ.

“ತೆಲಸಂಗದ ಕಡೆ ಬೋರಿನ್ಯಾಗ ಇಳದ್ರ ಬೇಕಾಗತೈತಿ. ಅಲ್ಲಿ ಮುನ್ನೂರ ಮೀಟರಿಗೂ ನೀರ ಸಿಗೂದಿಲ್ಲ, ಗಡಿಯಾರ ಹೊಸಾದ ಉಳೀತೈತಿ.”

ಗಂಗಾರಾಮನ ಕೈಗೆ ಒಂದರೊಳಗೆ ಎರಡು ಡಯಲ್ ಇದ್ದ ಗಡಿಯಾರ ಬಂತು. ಎರಡು ದೇಶದ ಹೊತ್ತು ಎಂದಷ್ಟೇ ದುಂಡೇಶ ಹೇಳಿದ. ಗಂಗಾರಾಮ ಗಂಭೀರವಾಗಿ ತಲೆದೂಗಿದ. “ಚಲೋ ಆತು. ಒಂದು ಬೆಂಗಳೂರಿಂದು, ಒಂದು ಮುಂಬೈದು. ಗಡಿ ತೀರ್ಮಾನ ಆಗೂಮಟ ಎರಡೂ ಇರಲಿ.”

ಹನ್ನೆರಡು ಕೈಗೆ ಹನ್ನೆರಡು ಗಡಿಯಾರ ಏರಿದವು. ಯಾರೂ ಬೆಲೆ ಕೇಳಲಿಲ್ಲ. ಕುರ್ಚಿ ಕೊಟ್ಟು, ಕುಂಕುಮ ಹಚ್ಚಿ, ಉಡಿಗೆ ಕಾಯಿ ಇಟ್ಟು, ಆಮೇಲೆ ಮೈಮೇಲೆ ತೊಡಿಸಿದ್ದಕ್ಕೆ ಆ ಊರುಗಳಲ್ಲಿ ಒಂದೇ ಹೆಸರು: ಆಯೇರ, ಶುಭಕಾರ್ಯದ ಉಡುಗೊರೆ. ಆಯೇರದ ಬೆಲೆ ಕೇಳುವವನು ಮನುಷ್ಯನಲ್ಲ. ಬೇಡವೆಂದು ಬಿಚ್ಚಿ ಕೊಡುವವನು ನೆಂಟನೇ ಅಲ್ಲ. ತಂಗಿಯ ಲಗ್ನ ಗೊತ್ತಾದ ಸುದ್ದಿ ಹುಡುಗನಿಗೆ ಹೇಗೋ ಮುಟ್ಟಿದೆ, ಕಂಪನಿಯಿಂದ ಮನೆಮಂದಿಗೆಲ್ಲ ಆಯೇರ ಮಾಡಿಸಿದ್ದಾನೆ ಎಂದು ಕೆಂಪವ್ವನ ಕಣ್ಣು ತುಂಬಿತು.

ಆ ಕಣ್ಣುಗಳನ್ನು ನೋಡಿದಾಗ ದುಂಡೇಶನಿಗೆ ಎಲ್ಲ ಅರ್ಥವಾಯಿತು. ಬಾಯಿ ತೆರೆದ. ಅದೇ ಹೊತ್ತಿಗೆ ಬಾಗಿಲಲ್ಲಿ ಪುಣೆಯ ಸಾಹೇಬರು ಕಾಣಿಸಿಕೊಂಡರು. ಗೋಡೆಯ ಮೇಲಿನ ಗಡಿಯಾರ ಸರಿಯಾಗಿ ಹನ್ನೊಂದು ಮುಕ್ಕಾಲು ತೋರಿಸುತ್ತಿತ್ತು. ಪಾವಣೆ ಬಾರಾ ಎಂದರೆ ಹೊತ್ತೇ ಆಗಿತ್ತು, ಮಂದಿ ಅಲ್ಲ.

ಸಾಹೇಬರು ಕುರ್ಚಿಗಳ ಸಾಲನ್ನು ಒಮ್ಮೆ ನೋಡಿದರು. ಮೂರು ದಿನದಲ್ಲಿ ಒಂದೂ ಗಡಿಯಾರ ಹೋಗಿರಲಿಲ್ಲ. ಈಗ ಹನ್ನೆರಡು ಮಣಿಕಟ್ಟು ಮಿಂಚುತ್ತಿದ್ದವು. ಅವರು ಕೈಮುಗಿದು ಗಂಗಾರಾಮನ ಬಳಿ ಬಂದು, ತಮ್ಮದು ಯಾವ ಊರು, ಎಷ್ಟು ಎಕರೆ ಎಂದು ಮರಾಠಿಯಲ್ಲಿ ವಿಚಾರಿಸಿದರು.

“ಊರು ಭೋಜ್ರಿ. ದೇವರ ಕೊಟ್ಟದ್ದ ಐತ್ರಿ, ಎಣಸಾಕ ಹೋಗಿಲ್ಲ,” ಎಂದು ಗಂಗಾರಾಮ ಅದೇ ಮರಾಠಿಯಲ್ಲಿ ನಮ್ರವಾಗಿ ಹೇಳಿದ. ಎಣಿಸುವಷ್ಟು ಇರಲಿಲ್ಲ ಎಂಬುದು ನಿಜ.

“ಪಸಂದ ಬಂತೇ?”

“ನಮ್ಮ ಪಸಂದ ಏನ್ರಿ, ನೀವು ತೊಡಿಸಿದ್ದು.” ಹನ್ನೆರಡು ಮಂದಿ ಎದ್ದು ನಮಸ್ಕಾರ ಮಾಡಿ, ಕಾಯಿ ಬಗಲಲ್ಲಿಟ್ಟುಕೊಂಡು, ಟೆಂಪೋ ಹತ್ತಿ ಹೊರಟೇಹೋದರು.

ಸಾಹೇಬರು ಧೂಳು ಮರೆಯಾಗುವವರೆಗೆ ಬಾಗಿಲಲ್ಲಿ ನಿಂತಿದ್ದರು. “ಬೆಲೆಯನ್ನೂ ಕೇಳಲಿಲ್ಲ! ದುಂಡೇಶ, ಇದು ಖಾನದಾನಿ ಮಂದಿ. ಇಂಥವರ ಎದುರು ಬಿಲ್ಲು ತೆಗೆಯುವುದೇ ಅಪಮಾನ. ಸಂಜೆ ನೀನೇ ಅವರ ಮನೆಗೆ ಹೋಗಿ ಬಿಲ್ಲಿಗೆ ಸಹಿ ಹಾಕಿಸಿಕೊಂಡು ಬಾ. ಬಂದ ಮೇಲೆ ನಿನ್ನ ಕಾಯಂ ಪತ್ರ.”

ನಾಲ್ಕಕ್ಕೆ ದುಂಡೇಶ ಭೋಜದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಒಂದೇ ಮಾತನ್ನು ತಿದ್ದಿದ. ದೊಡ್ಡಪ್ಪಾ, ಅದು ಆಯೇರ ಅಲ್ಲ. ಆಯೇರ ಅಲ್ಲ ದೊಡ್ಡಪ್ಪಾ. ಎಲ್ಲಿ ಕತ್ತರಿಸಿ ಜೋಡಿಸಿದರೂ ಅದು ಮನೆತನದ ಮುಖಕ್ಕೆ ನೀರು ಎರಚಿದಂತೆಯೇ ಕೇಳುತ್ತಿತ್ತು. ಹಾಗೆಂದು ಸುಮ್ಮನಿದ್ದರೆ ನೌಕರಿ ಹೋಗುವುದಷ್ಟೇ ಅಲ್ಲ, ಪೊಲೀಸರೂ ಬರಬಹುದು.

ದೊಡ್ಡಪ್ಪನ ಅಂಗಳದಲ್ಲಿ ಹನ್ನೆರಡೂ ಮಂದಿ ಸೇರಿದ್ದರು. ಯಾರ ಮುಖದಲ್ಲೂ ನಗುವಿರಲಿಲ್ಲ.

“ಬರ್ರಿ ಸಾಹೇಬ್ರ,” ಎಂದ ಗಂಗಾರಾಮ. ಈ ಸಲ ಆ ಮಾತಿನಲ್ಲಿ ಮೆಣಸಿನಕಾಯಿ ಇತ್ತು. “ಈಗ ಹೊತ್ತೆಷ್ಟು?”

ದುಂಡೇಶ ಮೊಬೈಲ್ ತೆಗೆಯಲು ಜೇಬಿಗೆ ಕೈ ಹಾಕಿದ.

“ನಾ ಹೇಳ್ತೀನಿ ಕೇಳು. ಹತ್ತೂ ಹತ್ತು. ತಾರಾಬಾಯಿ ಕೈಯಾಗೂ ಹತ್ತೂ ಹತ್ತು. ಮಾಳ್ಯಾ ಮೊಬೈಲ್ ಕೆಟ್ಟೈತಿ ಅಂತ ಮೂರ ಸಲ ಬಂದ್ ಮಾಡಿ ಚಾಲೂ ಮಾಡಿದ. ಇಷ್ಟ ತುಟ್ಟಿ ಗಡಿಯಾರ ಸುಳ್ಳ ಹೇಳತೈತೇನು ಅಂದ. ಕಡೀಕ ನಿಮ್ಮ ದೊಡ್ಡವ್ವ ಕಿವಿಗಿಟ್ಟ ನೋಡಿದಳು. ಉಸರಿಲ್ಲ!”

“ನನ್ನ ಮಗಳ ಲಗ್ನ ಗೊತ್ತಾದ ದಿನ ನಿಂತ ಗಡಿಯಾರ ಆಯೇರ ಮಾಡ್ತಿಯೇನೋ ದುಂಡ್ಯಾ?” ಕೆಂಪವ್ವ ಸೆರಗು ಬಾಯಿಗೆ ಹಿಡಿದಳು. “ಒಂದಲ್ಲ, ಹನ್ನೆರಡು!”

ಮೇಳದಲ್ಲಿಡುವ ಗಡಿಯಾರಗಳನ್ನು ಹಾಗೆಯೇ ಇಡುತ್ತಾರೆ. ಕಂಪನಿಯ ಹೆಸರು ಮುಳ್ಳಿನಡಿ ಮರೆಯಾಗದಿರಲೆಂದು ಎಲ್ಲವನ್ನೂ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಲ್ಲಿಸಿ, ಪಕ್ಕದ ಚಾವಿಯನ್ನು ಹೊರಗೆಳೆದಿರುತ್ತಾರೆ. ಅದನ್ನು ಉಗುರಿನಿಂದ ಒಳಗೆ ಒತ್ತಿ ನಾಲ್ಕು ಸುತ್ತು ತಿರುಗಿಸಿದರೆ ಸಾಕು, ನಡೆಯತೊಡಗುತ್ತದೆ. ದುಂಡೇಶನ ಬೆರಳು ತುರಿಸಿತು. ಒಂದು ಚಾವಿ ಒತ್ತಿದರೆ ದೊಡ್ಡವ್ವನ ಅಳು ನಿಲ್ಲುತ್ತದೆ. ಆದರೆ ನಡೆಯುವ ಗಡಿಯಾರವನ್ನು ಇವರು ಸಾಯುವವರೆಗೆ ಬಿಚ್ಚುವುದಿಲ್ಲ.

ಅವನು ಕೈಚೀಲದ ಬಾಯಿ ತೆರೆದು ಹಿಡಿದ. ಹನ್ನೆರಡು ಗಡಿಯಾರಗಳು ಒಂದರ ಮೇಲೊಂದು ಬಿದ್ದವು, ತಾರಾಬಾಯಿಯದು ಸ್ವಲ್ಪ ತಡವಾಗಿ.

“ಒಯ್ಯಿ. ನಿಮ್ಮ ಕಂಪನಿಗೇ ಕಟ್ಟು,” ಎಂದ ಗಂಗಾರಾಮ. “ಇನ್ನ ಈ ಹನ್ನೆರಡ ಮಂದಿ ಮನಿ ಹೊಸ್ತಿಲಾ ತುಳದಿ ಅಂದ್ರ ಕಾಲ ಮುರೀತೀನಿ. ಲಗ್ನಕ್ಕೂ ಬರಬ್ಯಾಡ.”

ತಿರುಗಿ ಬರುವ ಬಸ್ಸಿನಲ್ಲಿ ಅವನು ಚೀಲವನ್ನು ಎದೆಗವಚಿ ಕುಳಿತಿದ್ದ. ಮನೆ ಹೋಯಿತು, ನೌಕರಿ ಉಳಿಯಿತು. ಹೋದದ್ದು ಹೆಚ್ಚೋ, ಉಳಿದದ್ದು ಹೆಚ್ಚೋ ಎಂದು ತೂಗುತ್ತಿರುವಾಗಲೇ ನಿಪ್ಪಾಣಿ ಬಂತು.

ಸಾಹೇಬರು ಚೀಲದೊಳಗೆ ಇಣುಕಿದರು. “ಯಾಕೆ ವಾಪಸ್ಸು?”

“ನಿಂತಾವಂತ್ರಿ. ನಡೆಯುವುದಿಲ್ಲ ಅಂದರು,” ಎಂದ ದುಂಡೇಶ. ಅಂದು ಅವನು ಹೇಳಿದ ಅತಿ ಉದ್ದದ ಮಾತು ಅದೇ.

ಸಾಹೇಬರು ಗಡಿಯಾರಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಕೆಲಸ ಹೋಯಿತು ಎಂದುಕೊಂಡ ದುಂಡೇಶ ಟೈ ಸಡಿಲಿಸಿದ.

“ಮೂರು ದಿನದಿಂದ ಎಷ್ಟು ದೊಡ್ಡ ದೊಡ್ಡವರು ಬಂದುಹೋದರು,” ಸಾಹೇಬರ ದನಿ ಗದ್ಗದವಾಗಿತ್ತು. “ಕೈಗೆ ಕಟ್ಟಿಕೊಂಡು ಫೋಟೋ ತೆಗೆಸಿಕೊಂಡರು. ಬಂಗಾರ ನೋಡಿದರು, ಹೆಸರು ನೋಡಿದರು. ಒಬ್ಬನಾದರೂ ಇದರಲ್ಲಿ ಹೊತ್ತು ನೋಡಿದನೇ? ಇವು ನಿಂತಿವೆ ಎಂದು ಇಡೀ ಸೀಮೆಯಲ್ಲಿ ಗೊತ್ತಾದದ್ದು ಆ ಹನ್ನೆರಡು ಮಂದಿಗೆ ಮಾತ್ರ! ನಿಜವಾದ ದರ್ದಿಗಳು, ಗುಣ ಬಲ್ಲ ರಸಿಕರು ಅವರು. ನಿಪ್ಪಾಣಿಯ ಅಂಗಡಿಯಲ್ಲಿ ಕುಳಿತು ನೀನು ಏನು ಮಾಡುತ್ತೀ?”

ಅವರು ಪೆನ್ನು ತೆಗೆದು ಕಾಯಂ ಪತ್ರದಲ್ಲಿ ಅಂಗಡಿಯ ಹೆಸರನ್ನು ಹೊಡೆದುಹಾಕಿ, ಮೇಲೆ ಭೋಜ ಎಂದು ಬರೆದರು. ನಾಳೆ ಬೆಳಿಗ್ಗೆಯಿಂದಲೇ ಕೆಲಸ. ನಡೆಯುವ ಗಡಿಯಾರಗಳ ಪೆಟ್ಟಿಗೆ ಹಿಡಿದು ಮನೆಮನೆಗೆ ಹೋಗಬೇಕು. ಮೊದಲು ಆ ಹನ್ನೆರಡು ಮಂದಿಯ ಮನೆ. ಅವರು ಕೊಂಡ ಮೇಲೆಯೇ ಬೇರೆಯವರು.

“ಏನಾದರೂ ಹೇಳುವುದಿದೆಯೇ?” ಎಂದು ಸಾಹೇಬರು ಬೆನ್ನು ತಟ್ಟಿ ಕೇಳಿದರು.

ದುಂಡೇಶ ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ. ಆ ಹನ್ನೆರಡು ಮಂದಿ ತನ್ನ ಮನೆಯವರು ಎಂದು ಅವನು ಹೇಳಲಿಲ್ಲ.