ಕೊರಿಯಾದ ಒಲೆ, ತೆರಕಣಾಂಬಿ ಉರಿ

ಜನರನ್ನು ಊರು ದಾಟಿಸಿ ಕರೆದುಕೊಂಡು ಹೋಗುವವನಿಗೆ ನಗುವ ಸಂಗತಿಗಳಿಗೇನೂ ಬರವಿಲ್ಲ. ಅವು ನಡೆಯುವ ಹೊತ್ತಿಗೆ ನಾನು ನಗುವ ಸ್ಥಿತಿಯಲ್ಲಿರಲ್ಲ, ಅಷ್ಟೇ. ಚಾಮರಾಜನಗರದಲ್ಲಿ ನನ್ನದೊಂದು ಸಣ್ಣ ಟೂರಿಸ್ಟ್ ಆಫೀಸು. ಪಳನಿ, ಊಟಿ, ಧರ್ಮಸ್ಥಳ ಅಂತ ಬಸ್ಸು ಓಡಿಸಿಕೊಂಡಿದ್ದವನು ಧೈರ್ಯ ಮಾಡಿ ಕೊರಿಯಾಕ್ಕೆ ಒಂದು ತಂಡ ಹೊರಡಿಸಿದೆ. ಅಲ್ಲಿನ ಏಜೆಂಟು ಮೊದಲೇ ಹೇಳಿದ್ದ: "ಕೊನೆಗೆ ಒಬ್ಬ ಅಜ್ಜಿಯ ಹಳೇ ಕಾಲದ ಮನೆಯಲ್ಲಿ ಉಳೀತೀರಿ. ಆಕೆ ನಿಮ್ಮ ಜನ ಬೇಡ ಅಂದರೆ ಮುಂದೆ ನಿಮ್ಮ ಯಾವ ತಂಡವನ್ನೂ ನಾನು ತಗೊಳ್ಳಲ್ಲ." ವಿಮಾನ ಹತ್ತಿದಾಗಿನಿಂದ ನನ್ನ ಜೀವ ಆ ಅಜ್ಜಿಯ ಕೈಯಲ್ಲಿತ್ತು.

ಬೀಗ

ಗುಡ್ಡದ ಮೇಲೊಂದು ಗೋಪುರ. ಅಲ್ಲಿ ನಿಂತರೆ ಇಡೀ ಪಟ್ಟಣ ಕಾಣುತ್ತದೆ. ಎಲ್ಲರೂ ಪಟ್ಟಣ ನೋಡುತ್ತಿದ್ದರೆ, ಗುಂಡ್ಲುಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಸಾಹೇಬರು ಕಂಬಿಬೇಲಿ ನೋಡುತ್ತಿದ್ದರು. ಬೇಲಿ ತುಂಬಾ ಬೀಗ.

"ಇಷ್ಟೊಂದ್ ಬೀಗ ಯಾಕ್ ಹಾಕವ್ರೆ? ಒಳಗೇನದೆ?"

ಗೈಡ್ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ: "ಒಳಗೇನೂ ಇಲ್ಲ ಸಾಹೇಬ್ರೇ. ಪ್ರೀತಿಸಿದೋರು ಜೋಡಿಯಾಗಿ ಬಂದು ಬೀಗ ಹಾಕಿ ಹೋಗ್ತಾರೆ. ಬೀಗ ಇರೋವರೆಗೂ ಜೋಡಿ ಬಿಡಲ್ಲ ಅಂತ ನಂಬಿಕೆ."

ಅಂಗಡಿ ಮುಚ್ಚಿದ ಮೇಲೆ ಬೀಗ ಜಗ್ಗಿ ನೋಡದೆ ಮನೆಗೆ ಹೋದ ಜೀವವಲ್ಲ ಅದು. ಇಲ್ಲೂ ಒಂದೊಂದೇ ಜಗ್ಗುತ್ತಾ ಹೊರಟರು. ಬೇಡ ಅನ್ನುವಷ್ಟರಲ್ಲಿ ಒಂದು ಬೀಗ ಬಾಯಿ ಬಿಟ್ಟುಕೊಂಡಿತು. ಸಾಹೇಬರು ಕರ್ಚೀಫಿನಿಂದ ಅದರ ಧೂಳು ಒರೆಸಿ, ಕಟಕ್ಕನೆ ಒತ್ತಿ, ಇನ್ನೊಂದು ಸಲ ಜಗ್ಗಿ ನೋಡಿದರು.

"ಪಾಪ, ಯಾರ ಸಂಸಾರವೋ. ಸದ್ಯ, ನಾನ್ ಬಂದೆ."

ಸೇವಂತಿಗೆ

ಚಳಿ ಶುರುವಾಗುವ ಕಾಲಕ್ಕೆ ಅಲ್ಲಿ ಸೇವಂತಿಗೆ ಹಬ್ಬ. ಬಯಲು ತುಂಬ ಹೂವೋ ಹೂವು. ನಮ್ಮ ತಂಡದಲ್ಲಿ ಭೀಮನಬೀಡಿನ ಒಬ್ಬರು ಅಮ್ಮ ಇದ್ದರು, ಹೂ ಬೆಳೆದೇ ಮಕ್ಕಳನ್ನು ಓದಿಸಿದವರು.

"ಯಾವ್ ದೇವ್ರ ಹಬ್ಬಪ್ಪ ಇದು?"

"ದೇವರಿಲ್ಲ ಕಣಮ್ಮ, ಹೂವಿಂದೇ ಹಬ್ಬ."

"ಕುಯ್ಯದ್ ಯಾವಾಗ?"

"ಕುಯ್ಯಲ್ಲ. ನೋಡ್ತಾರೆ."

"ನೋಡ್ಬುಟ್ಟು?"

"ನೋಡಿ ಮನೆಗೆ ಹೋಗ್ತಾರೆ."

ಅಮ್ಮ ಬಯಲನ್ನು ಈ ತುದಿಯಿಂದ ಆ ತುದಿವರೆಗೆ ನೋಡಿದರು. "ನಮ್ಮೂರ ರೋಡಲ್ಲೂ ಕೇರಳದೋರು ಕಾರ್ ನಿಲ್ಲಿಸ್ಬುಟ್ಟು ಚೆಂಡುವ್ವಿನ ಹೊಲ್ದಲ್ಲಿ ಫೋಟೋ ತೆಗಿಸ್ಕತಾರೆ. ಅವ್ರಿಗೇ ತಲೆ ಕೆಟ್ಟದೆ ಅನ್ಕಂಡಿದ್ದೆ. ಲೋಕವೇ ಇಂಗದೆ."

ಹೂ ಮುಟ್ಟಬಾರದು ಅಂತ ನಾನು ಮೊದಲೇ ಹೇಳಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅಮ್ಮ ಎರಡು ಕೈಯನ್ನೂ ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ನಿಂತಿದ್ದಾರೆ. ಚಳಿಯೇನಮ್ಮ ಅಂದೆ.

"ಚಳಿಯಲ್ಲ ಕನಪ್ಪ. ಈಚೆಗ್ ಬುಟ್ರೆ ಈ ಕೈ ನನ್ ಮಾತು ಕೇಳದಿಲ್ಲ."

ಒಲೆ

ಕೊನೆಗೆ ಅಜ್ಜಿಯ ಮನೆಗೆ ಬಂದೆವು. ಹೆಂಚಿನ ಮಾಡು, ಮರದ ಜಗಲಿ, ಕಾಗದ ಅಂಟಿಸಿದ ಬಾಗಿಲು. ಒಳಗೆ ಕಾಲಿಟ್ಟರೆ ನೆಲ ಬೆಚ್ಚಗೆ. ನಮ್ಮಲ್ಲಿ ತೆರಕಣಾಂಬಿಯ ಯಜಮಾನರೊಬ್ಬರಿದ್ದರು. ಆಲೆಮನೆಯಲ್ಲೇ ಬಾಳು ಸವೆಸಿ ಬೆಲ್ಲ ಕಾಯಿಸಿದವರು. ಅವರಿಗೆ ತಡೆಯಲಾಗಲಿಲ್ಲ. ಹಾಸಿಗೆ ಎತ್ತಿ ನೋಡಿದರು, ನೆಲಕ್ಕೆ ಕಿವಿ ಇಟ್ಟರು.

"ನೆಲ ಕಾದದೆ. ಬೆಂಕಿ ಎಲ್ಲದೆ?"

"ಮನೆ ಹಿಂದೆ ಒಲೆ ಇದೆಯಂತೆ. ಉರಿಯ ಶಾಖ ನೆಲದ ಕಲ್ಲಿನ ಕೆಳಗೆ ಹರಿಯುತ್ತಂತೆ," ಅಂದೆ. ಅಷ್ಟು ಹೇಳಿದ್ದೇ ತಪ್ಪಾಯಿತು.

ಹೊತ್ತು ಇಳಿಯುವಾಗ ನೆಲ ಬಿಸಿಯಾಯಿತು. ಆಮೇಲೆ ಸುಡತೊಡಗಿತು. ಅಮ್ಮ ಎದ್ದು ನಿಂತರು. ಸಾಹೇಬರು ಸೂಟ್‌ಕೇಸಿನ ಮೇಲೆ ಹತ್ತಿ ಕೂತರು. ಯಜಮಾನರು ಮಾತ್ರ ಕಾಣಲಿಲ್ಲ. ಹಿತ್ತಲಿಗೆ ಓಡಿದೆ. ತಲೆಗೆ ಟವೆಲ್ ಸುತ್ತಿ, ಪಂಚೆ ಎತ್ತಿ ಕಟ್ಟಿ, ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಸೌದೆ ತುರುಕುತ್ತಿದ್ದಾರೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇಲ್ಲಿ ಸುಡುತ್ತಿದ್ದದ್ದು ನಾವು.

"ಉರಿ ಮಂದ ಆಗಿತ್ತು ಕಣಯ್ಯ. ಯಾರೂ ನೋಡ್ಕತಾ ಇರ್ನಿಲ್ಲ," ಅಂದರು, ಉಪಕಾರ ಮಾಡಿದವರ ಹಾಗೆ.

ಅಷ್ಟರಲ್ಲಿ ಅಜ್ಜಿ ಬಂದೇಬಿಟ್ಟರು. ನನ್ನ ಕಥೆ ಮುಗಿಯಿತು, ಇನ್ನು ಪಳನಿ ಬಸ್ಸೇ ಗತಿ ಅಂದುಕೊಂಡೆ. ಅಜ್ಜಿ ಒಲೆಯೊಳಗೆ ಬಗ್ಗಿ ನೋಡಿದರು, ಯಜಮಾನರನ್ನು ನೋಡಿದರು. ಕೈ ಹಿಡಿದು ದರದರ ಒಳಗೆ ಎಳೆದುಕೊಂಡು ಹೋಗಿ, ಒಲೆಗೆ ಅಂಟಿಕೊಂಡ ಗೋಡೆಯ ಪಕ್ಕ ಕೂರಿಸಿದರು. ತಾವೂ ಮಗ್ಗುಲಲ್ಲೇ ಕೂತು ಏನೇನೋ ಹೇಳಿದರು.

ಗೈಡ್ ಹುಡುಗಿ ಬಾಯಿ ಮುಚ್ಚಿಕೊಂಡು ನಗುತ್ತಾ ಹೇಳಿದಳು: "ಬಂದ ನೆಂಟರಲ್ಲಿ ಒಬ್ಬರೂ ಇವರ ಒಲೆ ನೋಡಿಕೊಂಡವರಲ್ಲವಂತೆ. ನಿಮ್ಮೂರಿನವರು ಎಷ್ಟು ಜನ ಬಂದರೂ ಬರಲಿ ಅಂತಾರೆ. ಯಜಮಾನರು ಕೂತಿರೋದು ಮನೆಯಲ್ಲೇ ಎಲ್ಲಕ್ಕಿಂತ ಬಿಸಿಯಾದ ಜಾಗ. ಮರ್ಯಾದೆಯ ಹಿರಿಯರಿಗೆ ಮಾತ್ರ. ಅಜ್ಜಿ ಏಳೋವರೆಗೆ ಅವರು ಏಳಬಾರದು."

ನನಗೆ ಹೋದ ಜೀವ ಬಂತು. ಅಜ್ಜಿ ಹಾಯಾಗಿ ಹಣ್ಣು ಸುಲಿಯುತ್ತಿದ್ದರು. ಏಳುವ ಲಕ್ಷಣವೇ ಇರಲಿಲ್ಲ. ಯಜಮಾನರು ಒಂದು ಸಲ ಎಡಕ್ಕೆ ವಾಲುತ್ತಾರೆ, ಒಂದು ಸಲ ಬಲಕ್ಕೆ. ಹಣೆಯ ವಿಭೂತಿ ಬೆವರಲ್ಲಿ ಕರಗಿ ಮೂಗಿಗೆ ಇಳಿದಿತ್ತು. ಮುಖದ ಮೇಲಿನ ಮರ್ಯಾದೆ ಮಾತ್ರ ಹಾಗೇ ಇತ್ತು.

ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ: "ಹೆಂಗದೆ ಯಜಮಾನ್ರೇ?"

ತುಟಿ ಅಲುಗಿಸದೆ ಅಂದರು: "ಪಾಕ ಬಂದದೆ ಕಣಯ್ಯ. ಬೇಗ ಇಳಿಸ್ಬುಡು."